ಓದುಗರ ಪ್ರಶ್ನೆ: ನಿಧಾನ ಮಾಡಿದ ಮಾತ್ರಕ್ಕೆ ಮನಸ್ಸು ನಿಲ್ಲುವುದಿಲ್ಲ

ಕತೆ, ಪಾತ್ರ, ಮಾತು ಯಾವುದೂ ಇಲ್ಲದೆ ಬೆಳಕು, ಬಣ್ಣ, ಆಕಾರ, ಚಲನೆಗಳಿಂದಲೇ ಕಟ್ಟುವ ಅಮೂರ್ತ ಚಿತ್ರಗಳ ಬಗ್ಗೆ ಮಂಗಳೂರು, ಉಡುಪಿ ಕಡೆಯ ಓದುಗರು ಪ್ರಶ್ನೆ ಕಳಿಸಿದ್ದಾರೆ. ನೋಡುತ್ತ ನೋಡುತ್ತ ಮನಸ್ಸು ತಣ್ಣಗಾಗಬೇಕು ಎಂಬುದು ಎಲ್ಲರ ಆಸೆ. ಈ ಸಂಚಿಕೆಯಲ್ಲಿ ಅವಕ್ಕೆ ಉತ್ತರ.

ಪ್ರಶ್ನೆ: ಬಣ್ಣದ ವೃತ್ತಗಳು ನಿಧಾನವಾಗಿ ದೊಡ್ಡದಾಗಿ ಸಣ್ಣದಾಗುವ ಆರು ನಿಮಿಷದ ಚಿತ್ರ ಮಾಡಿದ್ದೇನೆ. ನೋಡಿದ ಗೆಳೆಯರೆಲ್ಲ ‘ಬೋರ್ ಆಯ್ತು ಮಾರಾಯ’ ಎಂದರು. ಇನ್ನೂ ನಿಧಾನ ಮಾಡಬೇಕೆ?
ವಿದ್ಯಾರ್ಥಿ, ಮಣಿಪಾಲ

ಉತ್ತರ: ಬೇಡ. ವೇಗ ಇಳಿಸುತ್ತ ಹೋದರೆ ಬೋರ್ ಇನ್ನಷ್ಟು ಹೆಚ್ಚುತ್ತದೆ. ಮುಂದೇನು ಎಂಬುದು ಪೂರ್ತಿ ಗೊತ್ತಾದರೆ ನೋಡುವವರಿಗೆ ಬೇಸರ. ಏನೇನೂ ಅಂದಾಜಾಗದಿದ್ದರೆ ಚಡಪಡಿಕೆ. ಇವೆರಡರ ನಡುವೆ ಒಂದು ಲಯ ಹಿಡಿಯಬೇಕು. ಕಣ್ಣು ಅದನ್ನು ನಂಬಿ ಸಡಿಲಾಗಬೇಕು, ಆದರೆ ‘ಇದನ್ನು ಆಗಲೇ ನೋಡಿದೆ’ ಎಂದು ಎಣಿಸಲು ಅವಕಾಶ ಸಿಗಬಾರದು.

ಮೊದಲು ಉಸಿರಿನ ಅಳತೆಯ ಪದರ ಹಾಕಿ. ಸುಮ್ಮನೆ ಕೂತ ದೊಡ್ಡವರು ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ. ನಿಮ್ಮ ವೃತ್ತ ಮೊದಲ ಕ್ಷಣದಿಂದಲೇ 10 ಸೆಕೆಂಡಿಗೊಮ್ಮೆ ಹಿಗ್ಗಿ ಕುಗ್ಗಿದರೆ ನೋಡುವವರ ದೇಹ ಅದರ ಜೊತೆ ಸೇರುವುದೇ ಇಲ್ಲ. 5 ಸೆಕೆಂಡಿನ ಸುತ್ತಿನಿಂದ ಶುರು ಮಾಡಿ, ಮೂರು ನಿಮಿಷದಲ್ಲಿ ಮೆಲ್ಲ ಮೆಲ್ಲನೆ 10ಕ್ಕೆ ತನ್ನಿ. ಸೆಕೆಂಡಿಗೆ 30 ಫ್ರೇಮ್ ಇದ್ದರೆ 10 ಸೆಕೆಂಡಿಗೆ 300 ಫ್ರೇಮ್ ಆಯಿತು. ಅದರಲ್ಲಿ ಹಿಗ್ಗುವುದಕ್ಕೆ 120, ಕುಗ್ಗುವುದಕ್ಕೆ 180 ಕೊಡಿ. ಉಸಿರು ಬಿಡುವ ಹೊತ್ತು ಉದ್ದವಾದಷ್ಟು ದೇಹ ಸಡಿಲಾಗುತ್ತದೆ. ಹಿಗ್ಗುವ ಪ್ರಮಾಣ ಚಿಕ್ಕದಿರಲಿ. ವಿಸ್ತಾರದಲ್ಲಿ ಶೇ. 8ರಿಂದ 12 ಸಾಕು. ಅದಕ್ಕಿಂತ ದೊಡ್ಡದಾದರೆ ಚಿತ್ರ ‘ನನ್ನ ಜೊತೆ ಉಸಿರಾಡು’ ಎಂದು ಅಪ್ಪಣೆ ಕೊಟ್ಟ ಹಾಗಾಗುತ್ತದೆ, ಕೆಲವರಿಗೆ ಉಸಿರು ಕಟ್ಟಿದ ಹಾಗೂ ಆಗುತ್ತದೆ. ಪರದೆಯ ಮೇಲೆ ‘ಉಸಿರು ತೆಗೆದುಕೊಳ್ಳಿ’ ಎಂಬಂಥ ಅಕ್ಷರ ಖಂಡಿತ ಬೇಡ. ಅಕ್ಷರ ಕಂಡ ಕೂಡಲೇ ಮನಸ್ಸು ಓದಲು ಹೊರಡುತ್ತದೆ.

ಸಾಫ್ಟ್‌ವೇರ್ ತಾನಾಗಿ ಕೊಡುವ ಲೀನಿಯರ್ ಚಲನೆಯನ್ನು ಹಾಗೆಯೇ ಬಿಟ್ಟಿದ್ದರೆ ಬದಲಾಯಿಸಿ. ಅದರಲ್ಲಿ ವೃತ್ತ ಒಂದೇ ವೇಗದಲ್ಲಿ ಹೋಗಿ, ತುದಿ ಮುಟ್ಟಿದ ಕೂಡಲೇ ಗೋಡೆಗೆ ಬಡಿದ ಚೆಂಡಿನ ಹಾಗೆ ಹಿಂದಕ್ಕೆ ತಿರುಗುತ್ತದೆ. ಪ್ರತಿ ಸುತ್ತಿಗೆ ಎರಡು ಸಲ ಈ ಪೆಟ್ಟು. ನೋಡುವವರಿಗೆ ಏನು ಚುಚ್ಚಿತೆಂದು ಹೇಳಲು ಬಾರದಿದ್ದರೂ ಚುಚ್ಚುವುದಂತೂ ನಿಜ. ಸೈನ್ ಕರ್ವ್ ಬಳಸಿ. ತುದಿಗೆ ಬರುತ್ತ ವೇಗ ತಾನಾಗಿ ಇಳಿದು, ನಿಂತು, ಮತ್ತೆ ಹೊರಡಲಿ.

ಇದರ ಮೇಲೆ ಇನ್ನೆರಡು ಪದರ ಬೇಕು. ಯಕ್ಷಗಾನದ ತಾಳ ಬಲ್ಲವರಿಗೆ ಈ ಲೆಕ್ಕ ಬೇಗ ಹಿಡಿಸುತ್ತದೆ. ಉಸಿರಿನ ಪದರ 10 ಸೆಕೆಂಡಿಗೆ ನಿಂತ ಮೇಲೆ ಬಣ್ಣದ ಪದರ 7 ಸೆಕೆಂಡಿಗೆ, ಹಿನ್ನೆಲೆಯ ಮಬ್ಬು 11 ಸೆಕೆಂಡಿಗೆ ಒಂದು ಸುತ್ತು ಮುಗಿಸಲಿ. 7, 10, 11 ಮೂರೂ ಒಟ್ಟಿಗೆ ಮತ್ತೆ ‘ಸಮ’ಕ್ಕೆ (ಶುರುವಾದ ಜಾಗಕ್ಕೆ) ಬರುವುದು 770 ಸೆಕೆಂಡಿಗೆ, ಅಂದರೆ 12 ನಿಮಿಷ 50 ಸೆಕೆಂಡಿಗೆ. ಅಷ್ಟು ಹೊತ್ತು ಪರದೆಯ ಮೇಲೆ ಒಂದೇ ಸ್ಥಿತಿ ಎರಡು ಸಲ ಬರುವುದಿಲ್ಲ, ಆದರೂ ಪ್ರತಿಯೊಂದು ಪದರವೂ ನಂಬಬಹುದಾದ ಲಯದಲ್ಲೇ ಇರುತ್ತದೆ. 5, 10, 20 ಎಂದು ಹಾಕಿದರೆ ಎಲ್ಲ 20 ಸೆಕೆಂಡಿಗೇ ಕೂಡಿಕೊಂಡು ಬಿಡುತ್ತವೆ. ನಿಮ್ಮಲ್ಲಿ ಆಗಿರುವುದು ಬಹುಶಃ ಅದೇ.

ಆರು ನಿಮಿಷ ಕಡಿಮೆಯಾಯಿತು. ಮೊದಲ ಎರಡು ಮೂರು ನಿಮಿಷ ಕುರ್ಚಿ ಸರಿಮಾಡಿಕೊಂಡು, ಕೆಮ್ಮಿ, ‘ಇದೇನು’ ಎಂದು ಯೋಚಿಸುವುದರಲ್ಲೇ ಕಳೆಯುತ್ತದೆ. 12ರಿಂದ 15 ನಿಮಿಷ ಇಟ್ಟುಕೊಳ್ಳಿ. ಕಟ್ ಬೇಡ, ಬದಲಾಗಲೇಬೇಕಾದ ಕಡೆ 8ರಿಂದ 12 ಸೆಕೆಂಡಿನ ಡಿಸಾಲ್ವ್ (ಒಂದು ದೃಶ್ಯ ಕರಗುತ್ತ ಇನ್ನೊಂದು ಮೂಡುವುದು) ಇರಲಿ. ಕತ್ತಲೆಯ ಭಾಗದ ನಂತರ ಒಮ್ಮೆಲೇ ಬಿಳಿ ತರಬೇಡಿ. ಕಣ್ಣಿನ ಪಾಪೆ ಕ್ಷಣದಲ್ಲಿ ಕುಗ್ಗುತ್ತದೆ, ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಕಣ್ಣಿಗೆ ನಿಮಿಷಗಳೇ ಬೇಕು. ಅಷ್ಟರ ತನಕ ನಿಮ್ಮ ಕಡುನೀಲಿ, ಕಡುನೇರಳೆಗಳೆಲ್ಲ ಬರೀ ಕಪ್ಪು.

ಪ್ರಶ್ನೆ: ಕಡುನೀಲಿಯಿಂದ ಕಪ್ಪಿಗೆ ಇಳಿಯುವ ಹಿನ್ನೆಲೆ ಮಾಡಿದರೆ ಕಂಪ್ಯೂಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ವಿಡಿಯೋ ಮಾಡಿ ಟಿವಿಯಲ್ಲಿ ಹಾಕಿದರೆ ಉಂಗುರ ಉಂಗುರವಾಗಿ ಗೆರೆಗಳು. ಟಿವಿ ಹಾಳಾಗಿದೆಯೇ?
ಸುರತ್ಕಲ್

ಉತ್ತರ: ಟಿವಿ ಸರಿಯಾಗಿಯೇ ಇದೆ. ಇದಕ್ಕೆ ಬ್ಯಾಂಡಿಂಗ್ ಎನ್ನುತ್ತಾರೆ. ಧ್ಯಾನದ ಚಿತ್ರ ಮಾಡುವವರಿಗೆ ಇದಕ್ಕಿಂತ ದೊಡ್ಡ ಕಂಟಕ ಇಲ್ಲ, ಏಕೆಂದರೆ ಈ ಚಿತ್ರಗಳಲ್ಲಿ ಕತ್ತಲೆ ಮತ್ತು ಮೆಲ್ಲನೆ ಇಳಿಯುವ ಬಣ್ಣವೇ ಹೆಚ್ಚು.

ಲೆಕ್ಕ ನೋಡಿ. 8 ಬಿಟ್ ವಿಡಿಯೋದಲ್ಲಿ ಹೊಳಪಿಗೆ ಅಂಕಿ ಕೊಟ್ಟಿರುತ್ತಾರೆ: ಕಪ್ಪಿಗೆ 16, ಬಿಳಿಗೆ 235. ನಿಮ್ಮ ನೀಲಿ ಹಿನ್ನೆಲೆಯ ಹೊಳಪು 40ರಿಂದ 16ಕ್ಕೆ ಇಳಿಯುತ್ತದೆ ಎಂದಿಟ್ಟುಕೊಳ್ಳಿ. ನಡುವೆ ಇರುವುದು 24 ಮೆಟ್ಟಿಲು ಮಾತ್ರ. 1920 ಪಿಕ್ಸೆಲ್ ಅಗಲದ ಪರದೆಗೆ ಅದನ್ನು ಹರಡಿದರೆ ಒಂದೊಂದು ಮೆಟ್ಟಿಲು 80 ಪಿಕ್ಸೆಲ್ ಅಗಲ. ಕತ್ತಲಿನ ಕೋಣೆಯಲ್ಲಿ ಅದು ಕಾಣದೆ ಇರುತ್ತದೆಯೇ? 10 ಬಿಟ್‌ನಲ್ಲಿ ಮೆಟ್ಟಿಲು ನಾಲ್ಕು ಪಟ್ಟು ಹೆಚ್ಚು, ಅಗಲ 20 ಪಿಕ್ಸೆಲ್‌ಗೆ ಇಳಿಯುತ್ತದೆ.

ಸರಿಪಡಿಸುವ ಕ್ರಮ ಹೀಗೆ. ಪ್ರಾಜೆಕ್ಟನ್ನು 16 ಅಥವಾ 32 ಬಿಟ್‌ನಲ್ಲಿ ತೆರೆಯಿರಿ. 8 ಬಿಟ್‌ನಲ್ಲಿ ಮಾಡಿದ್ದನ್ನು ಕೊನೆಯಲ್ಲಿ 10ಕ್ಕೆ ಏರಿಸಿದರೆ ಕಳೆದುಹೋದ ಮೆಟ್ಟಿಲು ವಾಪಸು ಬರುವುದಿಲ್ಲ. ಎಲ್ಲ ಕೆಲಸ ಮುಗಿದ ಮೇಲೆ, ಎಲ್ಲಕ್ಕಿಂತ ಮೇಲಿನ ಪದರವಾಗಿ, ಶೇ. 1ರಿಂದ 2ರಷ್ಟು ಸಣ್ಣ ನಾಯ್ಸ್, ಅಂದರೆ ಮರಳಿನಂಥ ಕಾಳು, ಸೇರಿಸಿ. ಅದು ಪ್ರತಿ ಫ್ರೇಮಿನಲ್ಲೂ ಬದಲಾಗುತ್ತಿರಬೇಕು. ನಿಂತ ನಾಯ್ಸ್ ಆದರೆ ಕೊಳಕು ಗಾಜಿನ ಮೂಲಕ ನೋಡಿದ ಹಾಗಿರುತ್ತದೆ. ಈ ಕಾಳು ಮೆಟ್ಟಿಲಿನ ಅಂಚನ್ನು ಒಡೆದು ಕಣ್ಣಿಗೆ ನಯ ಮಾಡುತ್ತದೆ. ಮೂಲಪ್ರತಿಯನ್ನು ಪ್ರೊರೆಸ್ 422 ಎಚ್‌ಕ್ಯು ಅಥವಾ ಡಿಎನ್‌ಎಕ್ಸ್‌ಎಚ್‌ಆರ್ ಎಚ್‌ಕ್ಯುಎಕ್ಸ್ ಎಂಬ ವಿಡಿಯೋ ಮಾದರಿಯಲ್ಲಿ ತೆಗೆಯಿರಿ, ಎರಡೂ 10 ಬಿಟ್ ಹಿಡಿಯುತ್ತವೆ.

ತಪ್ಪುವುದು ಹೆಚ್ಚಾಗಿ ಕೊನೆಯ ಹಂತದಲ್ಲಿ. ಎಚ್.264 ಸಂಕುಚನ ಮೊದಲು ಒರೆಸಿಹಾಕುವುದೇ ಸಣ್ಣ ಕಾಳನ್ನು, ಅದೂ ಕತ್ತಲಿನ ಭಾಗದಲ್ಲಿ. ಕಾಳು ಹೋದರೆ ಉಂಗುರ ಹಾಜರು. 1080ರ ಚಿತ್ರಕ್ಕೆ ಸೆಕೆಂಡಿಗೆ 25ರಿಂದ 40 ಮೆಗಾಬಿಟ್ ಕೊಡಿ. ಎಫ್‌ಎಫ್‌ಎಂಪೆಗ್ ಸಾಫ್ಟ್‌ವೇರ್ ಬಳಸುವವರು ಸಿಆರ್‌ಎಫ್ ಎಂಬ ಗುಣಮಟ್ಟದ ಅಂಕಿಯನ್ನು 14ರಿಂದ 16 ಇಟ್ಟು, ಟ್ಯೂನ್ ಎಂಬಲ್ಲಿ ಗ್ರೇನ್ ಆರಿಸಲಿ. ಟಿವಿ ಹೊಸದಾಗಿದ್ದರೆ 10 ಬಿಟ್ ಎಚ್.265 ಇನ್ನೂ ಒಳ್ಳೆಯದು. ಯೂಟ್ಯೂಬಿಗೆ ಹಾಕುವಾಗ 1080ರ ಚಿತ್ರವನ್ನು 2160ಕ್ಕೆ (4ಕೆ) ಹಿಗ್ಗಿಸಿ ಏರಿಸಿದರೆ ಅಲ್ಲಿ ಸಿಗುವ ಬಿಟ್‌ರೇಟ್ ಹೆಚ್ಚು, ಉಂಗುರ ಕಡಿಮೆ. ವಾಟ್ಸ್ಯಾಪಿನಲ್ಲಿ ವಿಡಿಯೋ ಎಂದು ಕಳಿಸಿದರೆ ನಾಯ್ಸ್ ಪೂರ್ತಿ ಹೋಗುತ್ತದೆ. ಡಾಕ್ಯುಮೆಂಟ್ ಎಂದು ಕಳಿಸಿ.

ಪ್ರಶ್ನೆ: ಬಹಳ ನಿಧಾನವಾಗಿ ಸರಿಯುವ ಗೆರೆ ಸಣ್ಣಗೆ ನಡುಗುತ್ತದೆ. ಪ್ರೊಜೆಕ್ಟರಿನಲ್ಲಿ ಇನ್ನೂ ಹೆಚ್ಚು. ಕಾರಣ?
ಕಾರ್ಕಳ

ಉತ್ತರ: ಎರಡು ಕಾರಣ ಒಟ್ಟಿಗೆ ಇರಬಹುದು. 1920 ಪಿಕ್ಸೆಲ್ ದಾಟಲು ಗೆರೆಗೆ 4 ನಿಮಿಷ ಕೊಟ್ಟರೆ, 30 ಫ್ರೇಮಿನಲ್ಲಿ ಅದು ಒಂದು ಫ್ರೇಮಿಗೆ ಕಾಲು ಪಿಕ್ಸೆಲ್‌ನಷ್ಟು ಸರಿಯಬೇಕು. ಸಾಫ್ಟ್‌ವೇರ್ ಪೂರ್ಣ ಪಿಕ್ಸೆಲ್ಲಿಗೆ ದುಂಡು ಮಾಡಿದರೆ ನಾಲ್ಕು ಫ್ರೇಮ್ ನಿಂತು ಒಮ್ಮೆ ಜಿಗಿಯುತ್ತದೆ. ಪಿಕ್ಸೆಲ್ಲಿಗಿಂತ ಸಣ್ಣ ಅಳತೆಯಲ್ಲಿ ಸರಿಸುವ ಸಬ್‌ಪಿಕ್ಸೆಲ್ ಆಯ್ಕೆ ಹಾಕಿ, ಗೆರೆಯ ಅಂಚನ್ನು 4ರಿಂದ 6 ಪಿಕ್ಸೆಲ್ ಮಬ್ಬು ಮಾಡಿ, ಸಾಧ್ಯವಾದರೆ 4ಕೆಯಲ್ಲಿ ಮಾಡಿ 1080ಕ್ಕೆ ಇಳಿಸಿ. ಎರಡನೆಯದು ಫ್ರೇಮ್ ಎಣಿಕೆ. ಲ್ಯಾಪ್‌ಟಾಪ್ ಪರದೆ ಸೆಕೆಂಡಿಗೆ 60 ಸಲ ಹೊಸದಾಗುತ್ತದೆ. 25 ಫ್ರೇಮಿನ ಚಿತ್ರ ಹಾಕಿದರೆ ಒಂದು ಫ್ರೇಮ್ ಎರಡು ಸಲ, ಇನ್ನೊಂದು ಮೂರು ಸಲ ಎಂದು ಹಂಚಿಕೆಯಾಗಿ ಚಲನೆ ಕುಂಟುತ್ತದೆ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 50 ಹರ್ಟ್ಸ್ ಸಿಕ್ಕಿದರೆ ಅದನ್ನು ಹಾಕಿ. ಲ್ಯಾಪ್‌ಟಾಪಿನಿಂದಲೇ ತೋರಿಸುವುದು ಖಚಿತವಿದ್ದರೆ ಮೊದಲಿನಿಂದಲೇ 30 ಅಥವಾ 60 ಫ್ರೇಮಿನಲ್ಲಿ ಮಾಡಿ. ಸಿನಿಮಾ ಥಿಯೇಟರಿಗೆ ಕೊಡುವ ಡಿಜಿಟಲ್ ಪ್ರತಿಗೆ (ಡಿಸಿಪಿ) 24 ಸುರಕ್ಷಿತ; ಅದನ್ನು ಕಟ್ಟಲು ಡಿಸಿಪಿ‑ಓ‑ಮ್ಯಾಟಿಕ್ ಎಂಬ ಸಾಫ್ಟ್‌ವೇರ್ ಉಚಿತ.

ಪ್ರಶ್ನೆ: ನನ್ನ ಹತ್ತಿರ ಒಂದು ಫೋನ್ ಬಿಟ್ಟರೆ ಬೇರೇನೂ ಇಲ್ಲ. ಗ್ರಾಫಿಕ್ಸ್ ಬರುವುದಿಲ್ಲ. ಅಮೂರ್ತ ಚಿತ್ರ ಸಾಧ್ಯವೇ?
ಉಳ್ಳಾಲ

ಉತ್ತರ: ಖಂಡಿತ ಸಾಧ್ಯ, ಮತ್ತು ನೀವು ಇರುವ ಊರು ಇದಕ್ಕೆ ಹೇಳಿ ಮಾಡಿಸಿದ್ದು.

ಎಣ್ಣೆ ಮತ್ತು ನೀರಿನಿಂದ ಶುರು ಮಾಡಿ. ತಳ ಚಪ್ಪಟೆಯಿರುವ ಗಾಜಿನ ಟ್ರೇಯನ್ನು ಎರಡು ಕಲ್ಲುಗಳ ಮೇಲೆ ನೆಲದಿಂದ 25 ಸೆಂಟಿಮೀಟರ್ ಎತ್ತರಕ್ಕೆ ಇಡಿ. ಕೆಳಗೆ ಬಿಳಿ ಕಾಗದ, ಅದಕ್ಕೆ ಬದಿಯಿಂದ ಬೆಳಕು. ಟ್ರೇಯಲ್ಲಿ 1 ಸೆಂಟಿಮೀಟರ್ ನೀರು. ನೀರನ್ನು ಹಿಂದಿನ ರಾತ್ರಿಯೇ ಕುದಿಸಿ ಆರಿಸಿಡಿ. ಹಸಿ ನೀರಿನಲ್ಲಿ ಕರಗಿರುವ ಗಾಳಿ ಸ್ವಲ್ಪ ಹೊತ್ತಿನಲ್ಲೇ ಗಾಜಿಗೆ ಸಣ್ಣ ಗುಳ್ಳೆಗಳಾಗಿ ಅಂಟುತ್ತದೆ, ಫೋಕಸ್ ಅಲ್ಲಿಗೇ ಹೋಗುತ್ತದೆ. ಮೇಲೆ ಎರಡು ಮೂರು ಚಮಚ ತೆಂಗಿನೆಣ್ಣೆ. ಅಡುಗೆಯ ಬಣ್ಣ ನೀರಿಗೆ ಮಾತ್ರ ಹಿಡಿಯುತ್ತದೆ, ಎಣ್ಣೆಗೆ ಇಲ್ಲ. ಎಣ್ಣೆಗೆ ಹಳದಿ ಬೇಕಾದರೆ ಅರಶಿನ ಹಾಕಿ ಬೆಚ್ಚಗೆ ಮಾಡಿ ಬಟ್ಟೆಯಲ್ಲಿ ಸೋಸಿ. ಕೆಂಪಿಗೆ ಗ್ರಂದಿಗೆ ಅಂಗಡಿಯ ರತನ್‌ಜೋತ್ ಅದೇ ರೀತಿ. ಪಾತ್ರೆ ತೊಳೆಯುವ ಸೋಪು ಒಂದೇ ಹನಿ ಬಿದ್ದರೆ ಎಣ್ಣೆ ಚೆಂದವಾಗಿ ಒಡೆಯುತ್ತದೆ, ನಾಲ್ಕು ಹನಿಯಾದರೆ ಎಲ್ಲ ಕದಡಿ ಬೆಳ್ಳಗಾಗುತ್ತದೆ.

ಶಾಯಿಯ ಹನಿ ಬಿಡುವುದಾದರೆ ನೀರನ್ನು ಹತ್ತು ನಿಮಿಷ ಅಲುಗಿಸದೆ ಇಡಿ. ಸಿಹಿನೀರಿನಲ್ಲಿ ಶಾಯಿ ಎಳೆ ಎಳೆಯಾಗಿ ಕೆಳಗಿಳಿಯುತ್ತದೆ. ನೀರಿಗೆ ಉಪ್ಪು ಬೆರೆಸಿದರೆ ಮೇಲೆಯೇ ಮೋಡದ ಹಾಗೆ ಹರಡುತ್ತದೆ. ಲೀಟರಿಗೆ ಒಂದು ಚಮಚದಿಂದ ಶುರು ಮಾಡಿ, ಶಾಯಿ ನೋಡಿಕೊಂಡು ಹೆಚ್ಚಿಸಿ. ಗ್ಲಿಸರಿನ್ ಸೇರಿಸಿದರೆ ಚಲನೆ ದಪ್ಪವಾಗಿ ನಿಧಾನವಾಗುತ್ತದೆ.

ಫ್ಯಾನ್ ಆಫ್ ಮಾಡಲೇಬೇಕು, ರೆಕ್ಕೆಯ ಗಾಳಿ ನೀರಿನ ಮೇಲೆ ಸಣ್ಣ ನಡುಕವಾಗಿ ದಾಖಲಾಗುತ್ತದೆ. ಏಪ್ರಿಲ್, ಮೇ ಸೆಕೆಯಲ್ಲಿ ಇದು ಶಿಕ್ಷೆ, ಹಾಗಾಗಿ ಬೆಳಗ್ಗೆ 5ರಿಂದ 8ರೊಳಗೆ ಮುಗಿಸಿ.

ಫೋನಿನ ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಿ. ಒಂದು ಬಿಟ್ಟರೂ ಬಣ್ಣ ಸರಿದ ಹಾಗೆ ಫೋನ್ ತಾನೇ ಹೊಳಪು ಏರಿಳಿಸಿ ಇಡೀ ಶಾಟ್ ಕೆಡಿಸುತ್ತದೆ. ಸೆಕೆಂಡಿಗೆ 240 ಫ್ರೇಮಿನಲ್ಲಿ ತೆಗೆದು 30ರಲ್ಲಿ ಓಡಿಸಿದರೆ 8 ಪಟ್ಟು ನಿಧಾನ. ಆಗ ಮನೆಯ ಬಲ್ಬಿನ ಬೆಳಕು ಬಳಸಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಅಗ್ಗದ ಬಲ್ಬುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಬರಿಗಣ್ಣಿಗೆ ಕಾಣದ ಆ ಮಿನುಗು 8 ಪಟ್ಟು ನಿಧಾನವಾದಾಗ ಸೆಕೆಂಡಿಗೆ 12.5 ಸಲದ ಹೊಡೆತವಾಗುತ್ತದೆ. ಅದು ಕೆಟ್ಟದಾಗಿ ಕಾಣುವುದಷ್ಟೇ ಅಲ್ಲ, ಅಪಾಯ. ಮುಂದಿನ ಒಂದು ಉತ್ತರದಲ್ಲಿ ವಿವರ ಇದೆ. ಹಗಲ ಬೆಳಕು ಒಳ್ಳೆಯದು. ಪವರ್ ಬ್ಯಾಂಕಿನಿಂದ ಉರಿಯುವ ಎಲ್‌ಇಡಿಯೂ ಆಗಬಹುದು, ಪೂರ್ಣ ಹೊಳಪಿನಲ್ಲಿಟ್ಟು ಮೊದಲು ಹತ್ತು ಸೆಕೆಂಡು ತೆಗೆದು ನೋಡಿ.

ಹಳೆಯ ಹಂಚಿನ ಮನೆ ಸಿಕ್ಕರೆ ಬಿಡಬೇಡಿ. ಮಾಡಿನ ಗಾಜಿನ ಹಂಚಿನಿಂದ ಇಳಿಯುವ ಬಿಸಿಲ ಕೋಲಿನಂಥ ಬೆಳಕನ್ನು ಸ್ಟುಡಿಯೋದಲ್ಲಿ ಕಟ್ಟುವುದು ಬಹಳ ಕಷ್ಟ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಹಂಚು ನೆಲದಿಂದ 4 ಮೀಟರ್ ಎತ್ತರವಿದ್ದರೆ ನಡುಮಧ್ಯಾಹ್ನದ ಆಸುಪಾಸು ಬೆಳಕಿನ ಚೌಕ ಗಂಟೆಗೆ ಸುಮಾರು 1 ಮೀಟರ್ ನಡೆಯುತ್ತದೆ. 2 ಸೆಕೆಂಡಿಗೊಂದು ಫೋಟೋ ತೆಗೆದರೆ ಒಂದು ಗಂಟೆಗೆ 1800 ಫ್ರೇಮ್, ಅಂದರೆ 60 ಸೆಕೆಂಡಿನ ಚಿತ್ರ. ಇದರಲ್ಲಿ ಹೊಗೆ ಬೇಡ. 2 ಸೆಕೆಂಡಿಗೊಮ್ಮೆ ಹೊಗೆಯ ಆಕಾರ ಪೂರ್ತಿ ಬದಲಾಗಿರುವುದರಿಂದ ಅದು ಕುಣಿದ ಹಾಗೆ ಕಾಣುತ್ತದೆ. ಹೊಗೆ ಬೇಕಿದ್ದರೆ ಅದನ್ನು ಬೇರೆಯಾಗಿ 120 ಅಥವಾ 240 ಫ್ರೇಮಿನಲ್ಲಿ ತೆಗೆಯಿರಿ. ಎರಡು ಅಗರಬತ್ತಿ ಸಾಕು.

ಕಡಲ ತೀರದಲ್ಲಿ ದಿಗಂತ, ದೋಣಿ, ಜನ ಯಾವುದೂ ಚೌಕಟ್ಟಿನೊಳಗೆ ಬರಬಾರದು. ಕ್ಯಾಮೆರಾ ನೇರ ಕೆಳಗೆ ತಿರುಗಿಸಿ, ಹಿಂದೆ ಸರಿಯುವ ನೊರೆಯನ್ನು ಮಾತ್ರ ಹಿಡಿಯಿರಿ. ದಿಗಂತ ಕಂಡರೆ ಅದು ‘ಸಮುದ್ರ’, ಕಾಣದಿದ್ದರೆ ಬರೀ ಬಿಳುಪು, ಬೂದು ಮತ್ತು ಚಲನೆ. ಮನೆಗೆ ಬಂದ ಕೂಡಲೇ ಫೋನನ್ನು ಒದ್ದೆ ಬಟ್ಟೆಯಲ್ಲಿ, ಮತ್ತೆ ಒಣ ಬಟ್ಟೆಯಲ್ಲಿ ಒರೆಸಿ. ಉಪ್ಪಿನ ಪದರ ಲೆನ್ಸ್ ಮೇಲೆ ಕೂತರೆ ಮುಂದಿನ ಎಲ್ಲ ಬೆಳಕೂ ಮಸುಕು. ಕ್ಯಾಮೆರಾ ಲೆನ್ಸ್ ಇರುವವರು ಮಳೆಗಾಲಕ್ಕೆ ಮುಚ್ಚಳ ಗಟ್ಟಿಯಿರುವ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿಡಿ, ಇಲ್ಲವಾದರೆ ಆಟಿ ತಿಂಗಳು ಮುಗಿಯುವಷ್ಟರಲ್ಲಿ ಒಳಗೆ ಫಂಗಸ್ ಬಂದಿರುತ್ತದೆ.

ಪ್ರಶ್ನೆ: ಯೋಗ ತರಗತಿಗೆ ಇಂಥ ಚಿತ್ರ ಮಾಡಿಸಬೇಕೆಂದಿದ್ದೇನೆ. ಬೈನಾರಲ್ ಬೀಟ್ಸ್ ಹಾಕಿದರೆ ಮೆದುಳು ತಾನಾಗಿ ಧ್ಯಾನಕ್ಕೆ ಹೋಗುತ್ತದೆ ಎನ್ನುತ್ತಾರೆ. ನಿಜವೇ?
ಯೋಗ ಶಿಕ್ಷಕಿ, ಮೂಡುಬಿದಿರೆ

ಉತ್ತರ: ಹಾಗೆ ಹೇಳಿ ಮಾರಬೇಡಿ. ಅದರ ಮೇಲಿನ ಸಂಶೋಧನೆಗಳ ಫಲಿತಾಂಶ ಒಂದೇ ದಿಕ್ಕಿನದಲ್ಲ. ಅದಕ್ಕಿಂತ ಮುಖ್ಯ, ನಿಮ್ಮ ತರಗತಿಯಲ್ಲಿ ಅದು ಆಗುವುದೇ ಇಲ್ಲ. ಎರಡು ಕಿವಿಗೆ ಬೇರೆ ಬೇರೆ ಸ್ವರ ತಲುಪಿದಾಗ ಮಾತ್ರ ಬೈನಾರಲ್ ಬೀಟ್ ಕೇಳುತ್ತದೆ, ಅಂದರೆ ಹೆಡ್‌ಫೋನ್ ಬೇಕು. ಸ್ಪೀಕರಿನಲ್ಲಿ ಹಾಕಿದರೆ ಎರಡೂ ಗಾಳಿಯಲ್ಲೇ ಬೆರೆತು ಮಾಮೂಲಿ ಮಿಡಿತವಾಗುತ್ತದೆ.

ಆ ಮಾಮೂಲಿ ಮಿಡಿತವೇ ನಿಮಗೆ ಉಪಯೋಗಕ್ಕೆ ಬರುತ್ತದೆ. 110 ಹರ್ಟ್ಸ್ ಮತ್ತು 110.1 ಹರ್ಟ್ಸ್‌ನ ಎರಡು ಸ್ವರ ಒಟ್ಟಿಗೆ ನುಡಿಸಿದರೆ ಸದ್ದು 10 ಸೆಕೆಂಡಿಗೊಮ್ಮೆ ಏರಿ ಇಳಿಯುತ್ತದೆ. ಉಸಿರಿನ ಪದರಕ್ಕೂ 10 ಸೆಕೆಂಡು ಎಂದೆವಲ್ಲ, ಎರಡೂ ಕೂಡುತ್ತವೆ. ಆಡಾಸಿಟಿ ಎಂಬ ಉಚಿತ ಧ್ವನಿ ಸಾಫ್ಟ್‌ವೇರಿನಲ್ಲೇ ಇದನ್ನು ಮಾಡಬಹುದು. 110 ಹರ್ಟ್ಸ್ ಫೋನಿನ ಸ್ಪೀಕರಿನಲ್ಲಿ ಕೇಳುವುದೇ ಕಷ್ಟ, ಹಾಗಾಗಿ 220, 330 ಹರ್ಟ್ಸ್‌ನ ಮೇಲಿನ ಸ್ವರಗಳನ್ನೂ ಮೆಲ್ಲಗೆ ಸೇರಿಸಿ. ತಂಬೂರಿಯ ನಾದದಲ್ಲಿ ಈ ಮೇಲಿನ ಸ್ವರಗಳೆಲ್ಲ ತಾವಾಗಿ ಇವೆ. ನಿಜವಾದ ತಂಬೂರಿ ನುಡಿಸುವವರು ಸಿಕ್ಕಿದರೆ ಅವರನ್ನೇ ಕೇಳಿ ಅರ್ಧ ಗಂಟೆ ಧ್ವನಿಮುದ್ರಿಸಿ. ಆ್ಯಪಿನ ಶ್ರುತಿ ಬಳಸುವುದಾದರೆ ಅದರ ಹಕ್ಕಿನ ನಿಯಮ ಓದಿ.

ಮಳೆಯ ಸದ್ದು ಚೆನ್ನಾಗಿ ಹೊಂದುತ್ತದೆ. ಹಂಚಿನ ಮೇಲೆ ಸುರಿಯುವ ಗಟ್ಟಿ ಮಳೆಯಲ್ಲಿ ಎಲ್ಲ ಎತ್ತರದ ಸ್ವರಗಳೂ ಇರುವುದರಿಂದ ಹೊರಗಿನ ಸದ್ದನ್ನು ಮುಚ್ಚುತ್ತದೆ. ಮೈಕ್ ಮಾತ್ರ ಸೂರಿನ ನೀರು ಬೀಳುವಲ್ಲಿಂದ ದೂರ ಇರಲಿ. ಒಂದೊಂದೇ ತೊಟ್ಟು ಬೀಳುವ ‘ಟಪ್’ ಕೇಳಿದರೆ ಕಿವಿ ಮುಂದಿನ ‘ಟಪ್’ಗೆ ಕಾಯುತ್ತ ಕೂರುತ್ತದೆ. ಬೀಚಿನಲ್ಲಿ ಮೈಕಿಗೆ ರೋಮದ ಗಾಳಿಕವಚ ಹಾಕದಿದ್ದರೆ ಅಲೆಗಿಂತ ಗಾಳಿಯ ಗುಡುಗೇ ಹೆಚ್ಚು.

ಸದ್ದಿನ ಆರಂಭ 20 ಸೆಕೆಂಡಿನ ಫೇಡ್‌ನಿಂದಾಗಲಿ. ಹಾಲ್‌ಗೆ ಮೈನಸ್ 23 ಎಲ್‌ಯುಎಫ್‌ಎಸ್ (ಸದ್ದು ಎಷ್ಟು ಜೋರು ಎಂಬುದರ ಅಳತೆ) ಸರಿ. ಯೂಟ್ಯೂಬ್ ಮೈನಸ್ 14ಕ್ಕಿಂತ ಜೋರಿರುವುದನ್ನು ತಗ್ಗಿಸುತ್ತದೆ, ಸಣ್ಣದನ್ನು ಏರಿಸುವುದಿಲ್ಲ. ಅಲ್ಲಿಗೆ ಬೇರೆ ಪ್ರತಿ ಮಾಡಿದರೂ ಪೂರ್ತಿ 14ಕ್ಕೆ ಒತ್ತಬೇಡಿ, 18ರ ಹತ್ತಿರ ನಿಲ್ಲಿಸಿ.

ಪ್ರಶ್ನೆ: ಸೆಕೆಂಡಿಗೆ 10 ಸಲ ಮಿನುಗುವ ಬೆಳಕಿನಿಂದ ಆಲ್ಫಾ ಅಲೆ (ಮನಸ್ಸು ಸಡಿಲಾದಾಗ ಮೆದುಳಿನಲ್ಲಿ ಏಳುವ ಅಲೆ) ಬರುತ್ತದಂತೆ. ಪೂರ್ತಿ ಪರದೆ ಮಿನುಗಿಸುವ ಚಿತ್ರ ಮಾಡಬಹುದೆ?
ಬ್ರಹ್ಮಾವರ

ಉತ್ತರ: ಮಾಡಬೇಡಿ. ಮಿನುಗುವ ಬೆಳಕಿಗೆ ಮೆದುಳಿನ ವಿದ್ಯುತ್ ಅಲೆ ಅದೇ ಲಯದಲ್ಲಿ ಪ್ರತಿಕ್ರಿಯಿಸುವುದು ನಿಜ. ಆದರೆ ಆ ಪ್ರತಿಕ್ರಿಯೆ ಬಂತೆಂದರೆ ಧ್ಯಾನ ಬಂತು ಎಂದಲ್ಲ. ಅಪಾಯ ಮಾತ್ರ ಖಚಿತ. ಬೆಳಕಿಗೆ ಮೂರ್ಛೆ ಬರುವ ಸ್ವಭಾವದವರಿಗೆ ಸೆಕೆಂಡಿಗೆ 3ರಿಂದ 30 ಸಲದ ಮಿನುಗು ಹೊಡೆತ ಕೊಡುತ್ತದೆ, 15ರಿಂದ 20ರ ಆಸುಪಾಸು ಅತಿ ಹೆಚ್ಚು. ಎಷ್ಟೋ ಮಂದಿಗೆ ತಮಗೆ ಆ ಸ್ವಭಾವ ಇದೆ ಎಂದು ಗೊತ್ತಾಗುವುದೇ ಮೊದಲ ಸಲ ಬಿದ್ದಾಗ. 1997ರ ಡಿಸೆಂಬರ್ 16ರಂದು ಜಪಾನಿನ ಟಿವಿಯಲ್ಲಿ ಒಂದು ಕಾರ್ಟೂನಿನಲ್ಲಿ ಕೆಂಪು, ನೀಲಿ ಬಣ್ಣ ಸೆಕೆಂಡಿಗೆ ಸುಮಾರು 12 ಸಲ ಬದಲಾಗಿ, 600ಕ್ಕೂ ಹೆಚ್ಚು ಮಂದಿಯನ್ನು ಆಸ್ಪತ್ರೆಗೆ ಒಯ್ಯಬೇಕಾಯಿತು. ಅವರಲ್ಲಿ ಹೆಚ್ಚಿನವರು ಮಕ್ಕಳು.

ನಿಯಮ ಸರಳ: ಯಾವ ಒಂದು ಸೆಕೆಂಡಿನಲ್ಲೂ 3ಕ್ಕಿಂತ ಹೆಚ್ಚು ಮಿನುಗು ಬೇಡ, ಕಡುಗೆಂಪಿನಲ್ಲಂತೂ ಮಿನುಗೇ ಬೇಡ. ದಟ್ಟ ಕಪ್ಪು ಬಿಳಿ ಪಟ್ಟೆಗಳು ಪರದೆ ತುಂಬಿದರೂ ಕೆಲವರಿಗೆ ತೊಂದರೆ. ಪರದೆ ತುಂಬ ತಿರುಗುವ ಸುರುಳಿ ತಲೆಸುತ್ತು ತರುತ್ತದೆ, ಅದನ್ನು ನಡುವಿನ ಮೂರನೇ ಒಂದು ಭಾಗಕ್ಕೆ ಇಳಿಸಿ. ಪ್ರದರ್ಶನದಲ್ಲಿ ಯಾರಿಗಾದರೂ ಫಿಟ್ಸ್ ಬಂದರೆ ಲೈಟು ಹಾಕಿ ಚಿತ್ರ ನಿಲ್ಲಿಸಿ, ಸುತ್ತಲಿನ ಕುರ್ಚಿ ಸರಿಸಿ, ಅವರನ್ನು ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಕೈಗೆ ಕಬ್ಬಿಣ, ಬೀಗದ ಕೈ ಕೊಡುವುದು, ಬಾಯಿಗೆ ಚಮಚ ತುರುಕುವುದು ಯಾವುದೂ ಬೇಡ. 5 ನಿಮಿಷ ಮೀರಿದರೆ 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ನಾಗಮಂಡಲದ ಚಿತ್ತಾರವನ್ನು ತೆಗೆದು, ಕಂಪ್ಯೂಟರಿನಲ್ಲಿ ಕರಗಿಸಿ, ಅಮೂರ್ತ ಚಿತ್ರಕ್ಕೆ ಬಳಸಬಹುದೆ? ಪಾತ್ರಿಯ ದರ್ಶನದ (ಆವೇಶದ) ದೃಶ್ಯವನ್ನೂ ಸೇರಿಸುವ ಯೋಚನೆ ಇದೆ.
ಕಾಪು

ಉತ್ತರ: ದರ್ಶನದ ದೃಶ್ಯ ಬೇಡ. ಅದು ಹರಕೆ ಹೊತ್ತ ಮನೆಯವರಿಗೂ, ಮಂಡಲದ ಸುತ್ತ ಹಾಡಿ ಕುಣಿಯುವ ವೈದ್ಯರಿಗೂ, ಪಾತ್ರಿಗೂ ಸಂಬಂಧಿಸಿದ ಸೇವೆ. ನಿಮ್ಮ ಪ್ರೇಕ್ಷಕರು ಕುರ್ಚಿಯಲ್ಲಿ ಕೂತು ಬಯಸುವ ಶಾಂತಿಗೂ ಅದಕ್ಕೂ ಸಂಬಂಧವಿಲ್ಲ. ಚಿತ್ತಾರಕ್ಕೂ ಮೊದಲು ಸೇವೆ ಕೊಡುವ ಮನೆಯವರ, ಮಂಡಲ ಬರೆಯುವವರ ಒಪ್ಪಿಗೆ ಬೇಕು, ಯಾವುದಕ್ಕೆ ಎಂದು ಸ್ಪಷ್ಟವಾಗಿ ಹೇಳಿ.

ಒಪ್ಪಿಗೆ ಸಿಕ್ಕರೂ ಕಲೆಯ ದೃಷ್ಟಿಯಿಂದ ಒಂದು ತೊಡಕು ಉಳಿಯುತ್ತದೆ. ಎಷ್ಟೇ ಕರಗಿಸಿದರೂ ಈ ಕರಾವಳಿಯವರು ಹಾವಿನ ಹೆಣಿಗೆಯನ್ನು ಗುರುತಿಸುತ್ತಾರೆ. ಗುರುತು ಸಿಕ್ಕಿತೋ, ‘ಯಾವ ಮನೆಯದ್ದು, ಎಷ್ಟು ಖರ್ಚಾಯಿತು’ ಎಂದು ಮನಸ್ಸು ಹೊರಟುಬಿಡುತ್ತದೆ. ಅಮೂರ್ತ ಚಿತ್ರದ ಬಲವೇ ಹೆಸರಿಡಲು ಏನೂ ಸಿಗದಿರುವುದು. ನಾಗಮಂಡಲದ ಐದು ಬಣ್ಣಗಳ ಶಿಸ್ತನ್ನು ಬೇಕಿದ್ದರೆ ಕಲಿಯಿರಿ. ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಇಷ್ಟರಲ್ಲೇ ಒಂದು ದೊಡ್ಡ ಅಂಗಳ ತುಂಬುತ್ತದೆ. ಆಕಾರ ನಿಮ್ಮದೇ ಇರಲಿ. ಅದಕ್ಕೂ ಸರಿಸಮ ಕನ್ನಡಿಬಿಂಬ ಮಾಡುವಾಗ ಎಚ್ಚರ: ಎಡ ಬಲ ಎರಡೇ ಭಾಗ ಮಾಡಿದರೆ ಯಾವ ಮಸುಕಿನಲ್ಲೂ ಮುಖ ಕಾಣತೊಡಗುತ್ತದೆ. ಆರು ಅಥವಾ ಎಂಟು ಭಾಗ ಮಾಡಿ, ಇಲ್ಲವೇ ಸರಿಸಮವೇ ಬೇಡ.

ಪ್ರಶ್ನೆ: ನಮ್ಮ ದೇಶದಲ್ಲಿ ಇಂಥದ್ದನ್ನು ಮೊದಲು ಯಾರಾದರೂ ಮಾಡಿದ್ದಾರೆಯೆ?
ಬಂಟ್ವಾಳ

ಉತ್ತರ: ಮಾಡಿದ್ದಾರೆ. ಚಿತ್ರಕಲಾವಿದ ಅಕ್ಬರ್ ಪದಮ್‌ಸೀ 1969–70ರಲ್ಲಿ ಮುಂಬಯಿಯಲ್ಲಿ ಬರೀ ರೇಖೆ, ಬಿಂದುಗಳಿಂದ ಸದ್ದಿಲ್ಲದ ಕಪ್ಪು ಬಿಳುಪು ಚಿತ್ರ ಮಾಡಿದರು. ಕೇಂದ್ರ ಸರ್ಕಾರದ ಫಿಲ್ಮ್ಸ್ ಡಿವಿಷನ್ನಿನಲ್ಲಿ ಪ್ರಮೋದ್ ಪತಿ ಅದೇ ಕಾಲದಲ್ಲಿ ಮಾಡಿದ ಪ್ರಯೋಗಗಳ ಗತಿ ಬಿರುಸು. ಎರಡನ್ನೂ ಒಟ್ಟಿಗೆ ನೋಡಿದರೆ ಅಮೂರ್ತ ಎಂದ ಮಾತ್ರಕ್ಕೆ ಶಾಂತ ಆಗಬೇಕಿಲ್ಲ ಎಂಬುದು ಚೆನ್ನಾಗಿ ತಿಳಿಯುತ್ತದೆ.

ಪ್ರಶ್ನೆ: ಉಡುಪಿಯ ಒಂದು ಕಾಲೇಜು ಹಾಲ್‌ನಲ್ಲಿ 40 ಮಂದಿಗೆ 14 ನಿಮಿಷದ ಚಿತ್ರ ತೋರಿಸಲಿದ್ದೇವೆ. ಏನೆಲ್ಲ ನೋಡಿಕೊಳ್ಳಬೇಕು? ಕೆಲಸ ಮಾಡಿತೋ ಇಲ್ಲವೋ ತಿಳಿಯುವುದು ಹೇಗೆ?
ಉಡುಪಿ

ಉತ್ತರ: ಪ್ರೊಜೆಕ್ಟರಿಗೆ ಕಪ್ಪು ಬೆಳಕು ಎಂಬುದಿಲ್ಲ, ಹಾಲ್ ಎಷ್ಟು ಕತ್ತಲೋ ನಿಮ್ಮ ಕಪ್ಪು ಅಷ್ಟೇ ಕಪ್ಪು. ಕಿಟಕಿಗೆ ಎರಡು ಪದರ ಕಪ್ಪು ಬಟ್ಟೆ ಕಟ್ಟಿ, ಸಂಜೆ 7ರ ಮೇಲೆ ಇಟ್ಟುಕೊಳ್ಳಿ. ಪ್ರೊಜೆಕ್ಟರಿನಲ್ಲಿ ಸಿನಿಮಾ ಮೋಡ್ ಹಾಕಿ, ಡೈನಾಮಿಕ್ ಕಾಂಟ್ರಾಸ್ಟ್ ಆಫ್ ಮಾಡಿ. ಅದನ್ನು ಆನ್ ಇಟ್ಟರೆ ಕತ್ತಲ ಭಾಗದಲ್ಲಿ ಯಂತ್ರ ತಾನೇ ಹೊಳಪು ಏರಿಳಿಸುತ್ತದೆ, ನೀವು ಹಾಕದ ಇನ್ನೊಂದು ಲಯ ಸೇರಿಕೊಳ್ಳುತ್ತದೆ. ಟಿವಿಯಾದರೆ ಮೋಷನ್ ಸ್ಮೂತಿಂಗ್ ಕೂಡ ಆಫ್. ಲ್ಯಾಪ್‌ಟಾಪಿನ ನೋಟಿಫಿಕೇಷನ್, ಸ್ಕ್ರೀನ್ ಸೇವರ್ ನಿಲ್ಲಿಸಿ. ಪರದೆಯ ಅಗಲದ ಒಂದೂವರೆಯಿಂದ ಎರಡು ಪಟ್ಟು ದೂರದೊಳಗೆ ಆದಷ್ಟು ಮಂದಿಯನ್ನು ಕೂರಿಸಿ. ಸೀಲಿಂಗ್ ಫ್ಯಾನುಗಳ ಸದ್ದು ಸಣ್ಣ ನಾದವನ್ನು ನುಂಗುತ್ತದೆ, ಫ್ಯಾನ್ ನಿಲ್ಲಿಸಿದರೆ ಸೆಕೆಗೆ ಯಾರೂ ಕೂರುವುದಿಲ್ಲ. ಹಾಗಾಗಿ ಸದ್ದಿನ ಮಟ್ಟವನ್ನು ಫ್ಯಾನ್ ಓಡುತ್ತಿರುವಾಗಲೇ, ಹಿಂದಿನ ಸಾಲಿನಲ್ಲಿ ನಿಂತು ಹೊಂದಿಸಿ. ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಪ್ರೊಜೆಕ್ಟರಿಗಿಲ್ಲ. ಅದಕ್ಕೊಂದು ಯುಪಿಎಸ್ ಕೊಡಿ.

ಎಷ್ಟು ನಿಮಿಷ ಎಂದು ಮೊದಲೇ ಹೇಳಿಬಿಡಿ. ಮುಗಿಯುವುದು ಯಾವಾಗ ಎಂದು ಗೊತ್ತಿಲ್ಲದವರು ಗಡಿಯಾರ ನೋಡುತ್ತಾರೆ. ‘ಶಾಂತಿ ಸಿಗುತ್ತದೆ’ ಎಂದು ಮಾತ್ರ ಹೇಳಬೇಡಿ, ಸಿಗದವರು ತಮ್ಮಲ್ಲೇ ದೋಷ ಹುಡುಕುತ್ತಾರೆ. ಕಣ್ಣು ಮುಚ್ಚಿಕೊಳ್ಳಬಹುದು, ಎದ್ದು ಹೋಗಬಹುದು ಎಂದು ತಿಳಿಸಿ. ಲೈಟು ಆರಿಸಿದ ಮೇಲೆ ಒಂದೆರಡು ನಿಮಿಷ ಏನೂ ತೋರಿಸಬೇಡಿ. ಮುಗಿದಾಗ ಟ್ಯೂಬ್‌ಲೈಟ್ ಒಮ್ಮೆಲೇ ಹಾಕದೆ, ಬದಿಯ ಒಂದು ಸಣ್ಣ ದೀಪದಿಂದ ಶುರು ಮಾಡಿ. ಸ್ವಾಗತ ಭಾಷಣ, ಹೂಗುಚ್ಛ, ವಂದನಾರ್ಪಣೆ ಎಲ್ಲ ಚಿತ್ರಕ್ಕಿಂತ ಮೊದಲೇ ಮುಗಿಯಲಿ.

ಇದಕ್ಕೆ ಮುಂಚೆ ಐದಾರು ಮಂದಿಗೆ ತೋರಿಸಿ ಪರೀಕ್ಷಿಸಬೇಕು. ಪರದೆ ನೋಡಬೇಡಿ, ಅವರನ್ನು ನೋಡಿ. ಯಾವ ನಿಮಿಷದಲ್ಲಿ ಯಾರು ಕಾಲು ಬದಲಿಸಿದರು, ಫೋನ್ ಮುಟ್ಟಿದರು, ಪಕ್ಕದವರತ್ತ ತಿರುಗಿದರು ಎಂದು ಬರೆದಿಡಿ. ಒಬ್ಬರು ಅಲುಗಿದರೆ ಅದು ಅವರ ವಿಷಯ, ಒಂದೇ ಜಾಗದಲ್ಲಿ ಮೂವರು ಅಲುಗಿದರೆ ಚಿತ್ರದಲ್ಲಿ ಏನೋ ತಪ್ಪಿದೆ. ಆ ಸೆಕೆಂಡಿಗೆ ಹೋಗಿ ಮೊದಲು ಸದ್ದಿನ ಲೂಪ್ ಕೂಡಿಸಿದ ಜಾಗ ಅಲ್ಲಿದೆಯೇ ಎಂದು ಕೇಳಿ, ಆಮೇಲೆ ಉಂಗುರ ಇದೆಯೇ, ಚಲನೆಯ ವೇಗ ಅಲ್ಲಿ ಥಟ್ಟನೆ ಬದಲಾಗಿದೆಯೇ ನೋಡಿ. ‘ಹೇಗನ್ನಿಸಿತು’ ಎಂದು ಕೇಳಿದರೆ ಎಲ್ಲರೂ ‘ಲಾಯ್ಕಿತ್ತು’ ಎನ್ನುತ್ತಾರೆ. ಈ ಪರೀಕ್ಷೆಯಲ್ಲಿ ಮಾತ್ರ ಉದ್ದ ಹೇಳದೆ ತೋರಿಸಿ, ‘ಎಷ್ಟು ನಿಮಿಷ ಇದ್ದಿರಬಹುದು’ ಎಂದು ಕೇಳಿ. 14 ನಿಮಿಷದ್ದಕ್ಕೆ ಹೆಚ್ಚಿನವರು 20, 25 ಎಂದರೆ ಹಾಲ್ ಕಾದಿರಿಸುವ ಮೊದಲು ಮತ್ತೆ ಎಡಿಟಿಂಗ್‌ಗೆ ಕೂರಿ.